ಬೂರುಗದ ಪಾತಿ

ಕೇಣಿ, ಅಂಕೋಲಾ
ಗುರುವಾರ, ೧೪ ನವೆಂಬರ್ ೨೦೦೨

ಪ್ರೀತಿಯ ನಿಮಗೆ,

ಕೇಣಿಯಿಂದ ನಿಮ್ಮ ಸುಗಂಧಾಳ ನಮಸ್ಕಾರ. ಹೇಗಿದ್ದೀರಿ? ಅಂಗೈಯ ಗಾಯ ಮಾಯಿತೇ? ಟ್ರಾಲರಿನ ಹಗ್ಗ ಉಜ್ಜಿ ಚರ್ಮ ಎದ್ದು ಬಂದಿದೆ, ಆದರೂ ಬಲೆ ಎಳೆಯುವುದನ್ನು ಬಿಟ್ಟಿಲ್ಲ ಎಂದು ಪಕ್ಕದ ಮನೆಯ ಸಂಕೇತ ಹೇಳಿದ. ಉಪ್ಪುನೀರು ತಾಗುತ್ತಲೇ ಇದ್ದರೆ ಗಾಯ ಒಣಗುವುದಿಲ್ಲ. ಮಲಗುವ ಮುಂಚೆ ತೆಂಗಿನೆಣ್ಣೆಯಲ್ಲಿ ಅರಿಸಿನ ಕುದಿಸಿ ಹಚ್ಚಿ, ಮೇಲೊಂದು ಬಟ್ಟೆ ಕಟ್ಟಿಕೊಳ್ಳಿ. ಹೊತ್ತಿಗೆ ಸರಿಯಾಗಿ ಉಣ್ಣುತ್ತೀರೋ, ಬರೀ ಚಹಾ ಕುಡಿದು ದಿನ ದೂಡುತ್ತೀರೋ, ಅದನ್ನು ಯಾರೂ ನನಗೆ ಹೇಳುವುದಿಲ್ಲ. ಇಲ್ಲಿ ನಾನು ಗಟ್ಟಿಯಾಗಿದ್ದೇನೆ. ರಕ್ಷಿತಾಳಿಗೆ ನೆಗಡಿ ಬಿಟ್ಟಿದೆ, ಶಾಲೆಗೆ ಹೋಗುತ್ತಿದ್ದಾಳೆ. ‘ಅಪ್ಪ’ ಎಂದು ಬರೆಯಲು ಕಲಿತಿದ್ದಾಳೆ. ಒತ್ತಕ್ಷರ ಮಾತ್ರ ಒಮ್ಮೊಮ್ಮೆ ತನ್ನ ಜಾಗ ಬಿಟ್ಟು ದೂರ ಹೋಗಿ ಕೂರುತ್ತದೆ. ಮನೆಯ ಕ್ಷೇಮ ಇಷ್ಟೇ. ಇನ್ನು ಬರೆಯುವುದು ಯಾವುದೂ ಕ್ಷೇಮದ ಮಾತಲ್ಲ.

ಈ ಕಾಗದವನ್ನು ಅಂಚೆಗೆ ಹಾಕುತ್ತಿಲ್ಲ. ಸಂಕೇತ ತಂಗಿಯ ನಿಶ್ಚಿತಾರ್ಥ ಮುಗಿಸಿಕೊಂಡು ನಾಳೆ ಬೆಳಿಗ್ಗೆಯ ರೈಲಿಗೆ ನಿಮ್ಮ ಟ್ರಾಲರಿಗೇ ವಾಪಸು ಹೊರಟಿದ್ದಾನೆ. ಅವನ ಕೈಯಲ್ಲಿ ಕೊಡುತ್ತೇನೆ. ಇದನ್ನು ಓದಿ ನೀವು ಶನಿವಾರದ ರೈಲು ಹತ್ತಬೇಕು, ಅದಕ್ಕೇ ಇಷ್ಟು ಬರೆಯುವುದು. ಫೋನ್ ಮಾಡಬಹುದಿತ್ತು. ಆದರೆ ಅಂಗಡಿಯ ಫೋನಿನ ಸುತ್ತ ಅರ್ಧ ಕೇಣಿಯೇ ಕಿವಿಗೊಟ್ಟು ನಿಂತಿರುತ್ತದೆ. ಅಂದು ನಿಮ್ಮ ತಮ್ಮ ಬಾಳಾ ಸಮುದ್ರದಿಂದ ತಿರುಗಿ ಬಂದಿಲ್ಲ ಎಂದು ನಾನು ಕೂಗಿ ಹೇಳುವಷ್ಟರಲ್ಲಿ ಅತ್ತ ನಿಮ್ಮ ಅಳು, ಇತ್ತ ನನ್ನ ಅಳು, ನಡುವೆ ಗರಗರ ಸದ್ದು. ನೀವು ಒಂದೇ ಮಾತು ಹೇಳಿ ಫೋನ್ ಇಟ್ಟಿರಿ. “ನಾ ಬರೂದಿಲ್ಲ ಸುಗಂಧಾ. ಅಪ್ಪನ ಮುಖ ಕಂಡ್ರೆ ಬಾಯಿಗೆ ಬಂದದ್ದು ಆಡ್ಬಿಡ್ತೆ.” ಬಾಯಿಗೆ ಬರುವ ಮಾತು ಯಾವುದೆಂದು ನನಗೆ ಆಗಲೇ ಗೊತ್ತಾಗಿತ್ತು. ಅದನ್ನು ನೀವು ಎರಡು ವರ್ಷದ ಹಿಂದೆ ಇದೇ ಅಂಗಳದಲ್ಲಿ ನಿಂತು ಆಡಿಯೇ ಹೋಗಿದ್ದಿರಿ. ಬೂರುಗದ ಮರ ಮೆತ್ತಗಿನ ಮರ, ಹುಳ ಹಿಡಿಯುತ್ತದೆ, ಅದರ ದಿಮ್ಮಿ ಕೊರೆದು ಮಾಡಿದ ಈ ಪಾತಿಯನ್ನು ಒಡೆದು ಒಲೆಗೆ ಹಾಕಿ ಎಲ್ಲರ ಹಾಗೆ ಫೈಬರ್ ದೋಣಿ ತರೋಣ, ಇಲ್ಲವಾದರೆ ಒಂದು ದಿನ ಇದು ನಡುನೀರಿನಲ್ಲಿ ನಮ್ಮಲ್ಲೊಬ್ಬನನ್ನು ಕೈಬಿಡುತ್ತದೆ ಎಂದು. ಮಾವ ಒಪ್ಪಲಿಲ್ಲ. ನೀವು ರತ್ನಾಗಿರಿಗೆ ಹೋದಿರಿ. ಆಮೇಲೆ ಮಳೆಗಾಲಕ್ಕೆ ಮನೆಗೆ ಬಂದಾಗಲೂ ಅಪ್ಪ ಮಗ ಒಂದೇ ಜಗಲಿಯಲ್ಲಿ ಕೂತು ಉಂಡಿರಿ, ಒಬ್ಬರಿಗೊಬ್ಬರು ‘ಉಪ್ಪು ಕೊಡು’ ಎಂದವರಲ್ಲ. ನಾನೂ ಬಾಳನ ಹೆಂಡತಿ ವಿದ್ಯಾಳೂ ನಿಮ್ಮಿಬ್ಬರ ನಡುವೆ ಮಾತು ಸಾಗಿಸಿ ಸಾಗಿಸಿ ಸೋತೆವು.

ಆ ದಿನದ್ದನ್ನು ಈಗ ಪೂರಾ ಹೇಳುತ್ತೇನೆ. ದೀಪಾವಳಿಗೆ ಇನ್ನೂ ವಾರವಿತ್ತು. ಮಾವನಿಗೆ ಜ್ವರ, ಮೈ ಕೆಂಡ. ಹಿಂದಿನ ಸಂಜೆ ಬಿಟ್ಟು ಬಂದ ಬಲೆ ನೀರಿನಲ್ಲೇ ಇತ್ತು. ಬಾಳಾ ಒಬ್ಬನೇ ಪಾತಿ ಇಳಿಸಲು ಹೊರಟ. “ಇಬ್ರು ಹುಟ್ಟು ಹಾಕೂ ಪಾತಿ ಅದು, ಒಬ್ನೇ ಹೋಗ್ಬೇಡ” ಎಂದು ಮಾವ ಚಾಪೆಯ ಮೇಲಿಂದಲೇ ಹೇಳಿದರು. “ಬಲೆ ಎತ್ಕಂಡು ಬತ್ತೆ ಅಪ್ಪಾ, ಗಂಜಿ ಹೊತ್ತಿಗೆ ಇಲ್ಲೇ ಇರ್ತೆ” ಎಂದು ಅವನು ನಗುತ್ತಲೇ ಹೋದ. ವಿದ್ಯಾ ದಂಡೆಯವರೆಗೂ ಹೋಗಿ ಪಾತಿ ನೂಕಿಕೊಟ್ಟು ಬಂದಳು. ಹತ್ತು ಗಂಟೆಯ ಸುಮಾರಿಗೆ ಪಡುವಣದಲ್ಲಿ ಕಪ್ಪು ಕಟ್ಟಿತು. ಅಂಥ ಕಪ್ಪನ್ನು ನಾನು ಆಷಾಢದಲ್ಲೂ ಕಂಡಿಲ್ಲ. ಇಂಜಿನ್ ಇದ್ದವರೆಲ್ಲ ಒಬ್ಬರ ಹಿಂದೊಬ್ಬರು ದಂಡೆಗೆ ಓಡಿ ಬಂದರು. ಕೊನೆಗೆ ಬಂದ ದೋಣಿಯವರು ಬಾಳನನ್ನು ಕಂಡಿದ್ದರಂತೆ. ಬಲೆ ಬಿಟ್ಟು ಬಾ, ನಮ್ಮ ದೋಣಿ ಹತ್ತು ಎಂದು ಕೂಗಿದರಂತೆ. ಇನ್ನು ಸ್ವಲ್ಪ ಬಲೆ ಬಾಕಿ ಅದೆ ಎಂದು ಅವನು ಕೈ ಎತ್ತಿ ತೋರಿಸಿದನಂತೆ. ಆ ಕೈ ಎತ್ತಿದ್ದೇ ಕೊನೆ. ಆಮೇಲೆ ಗಾಳಿ ಬಿತ್ತು. ನಮ್ಮ ಮನೆಯ ಹಿಂದಿನ ತೆಂಗು ಬಿತ್ತು, ಶಾಲೆಯ ಹೆಂಚು ಹಾರಿತು, ದಂಡೆಯ ಮೇಲೆ ನಿಂತರೆ ಮರಳು ಮುಖಕ್ಕೆ ಸೂಜಿಯ ಹಾಗೆ ಚುಚ್ಚುತ್ತಿತ್ತು. ವಿದ್ಯಾ ಅಲ್ಲೇ ನಿಂತಿದ್ದಳು. ಎಳೆದರೂ ಬರಲಿಲ್ಲ.

ಮರುದಿನ ಸಮುದ್ರ ಶಾಂತವಾದದ್ದೇ ಕೇಣಿಯ ದೋಣಿಗಳೂ ಬೆಳಂಬಾರದ ದೋಣಿಗಳೂ ಹೊರಟವು. ಮಾವ ಜ್ವರದಲ್ಲೇ ಒಂದು ದೋಣಿ ಹತ್ತಿದರು. ಅತ್ತ ಬೇಲೆಕೇರಿಯವರೆಗೆ, ಇತ್ತ ಗಂಗಾವಳಿಯ ಅಳಿವೆಯವರೆಗೆ, ಬಂಡೆಗಳ ಸಂದು ಸಂದನ್ನೂ ನೋಡಿದರು. ಪೊಲೀಸರು ಬಂದು ಬರೆದುಕೊಂಡು ಹೋದರು. ದೀಪಾವಳಿಯ ದಿನ ಕೇಣಿಯಲ್ಲಿ ಯಾರೂ ಪಟಾಕಿ ಹೊಡೆಯಲಿಲ್ಲ. ಆದರೆ ಏನೂ ಸಿಗಲಿಲ್ಲ. ಹುಟ್ಟಿಲ್ಲ, ಬಲೆಯ ಬೆಂಡಿಲ್ಲ, ಗಂಜಿ ಒಯ್ದ ಡಬ್ಬಿಯಿಲ್ಲ, ಪಾತಿಯಂತೂ ಇಲ್ಲವೇ ಇಲ್ಲ. ಊರ ಹಿರಿಯರು ನಾಲ್ವರು ಬಂದು ಜಗಲಿಯಲ್ಲಿ ಕೂತು, ಇನ್ನು ದರ್ಭೆಯ ಗೊಂಬೆ ಮಾಡಿ ಕ್ರಿಯೆ ಮುಗಿಸುವುದು ಒಳ್ಳೆಯದು, ಹುಡುಗಿಯನ್ನು ಹೀಗೆ ನಡುವೆ ನಿಲ್ಲಿಸಬಾರದು ಎಂದು ಮೆಲ್ಲಗೆ ಹೇಳಿದರು. ಒಳಗೆ ವಿದ್ಯಾ ಎರಡೂ ಕೈಯ ಬಳೆಗಳನ್ನು ಸೆರಗಿನಲ್ಲಿ ಸುತ್ತಿ ಮುಚ್ಚಿಕೊಂಡು ಕೂತಿದ್ದಳು, ಯಾರೋ ಈಗಲೇ ಬಂದು ಒಡೆಯುತ್ತಾರೆ ಎಂಬಂತೆ. ಮಾವ ಎದ್ದು ನಿಂತರು. ಅವರು ಹಿರಿಯರ ಎದುರು ದನಿ ಎತ್ತಿದ್ದನ್ನು ನಾನು ಕಂಡದ್ದು ಅದೇ ಮೊದಲು. “ಪಾತಿ ಸಿಕ್ಕಲಿಲ್ಲ ಅಂದ್ರೆ ಬಾಳಾ ಹೋಗಲಿಲ್ಲ. ಅದು ಮಾವಿಂದಲ್ಲ, ಹಲಸಿಂದಲ್ಲ, ಬೂರುಗದ್ದು. ಬೂರುಗ ಮುಳುಗೂದಿಲ್ಲ. ಮಗಚಿದ್ರೂ ತೇಲ್ತದೆ, ನೀರು ತುಂಬಿದ್ರೂ ತೇಲ್ತದೆ. ನನ್ನ ಮಗ ಅದರ ಬೆನ್ನ ಮೇಲೆ ಕೂತು ಎಲ್ಲೋ ಇದ್ದಾ. ಈ ತಿಂಗಳ ಸೆಳವು ಬಡಗಕ್ಕೆ. ಅಂವ ಬಡಗಕ್ಕೆ ಹೋಗಿದ್ದಾ.” ಹಿರಿಯರು ಎದ್ದು ಹೋದರು.

ನೀವೂ ಆ ಮರವನ್ನು ಕಂಡವರೇ. ಅಗಸೂರಿನ ಹಾಲಕ್ಕಿ ಬೀರಿಯ ಬೇಣದ ಹುಲ್ಲುಬಯಲಿನಲ್ಲಿ ಜೋಡಿಯಾಗಿ ನಿಂತಿದ್ದ ಎರಡು ಬೂರುಗಗಳಲ್ಲಿ ಒಂದನ್ನು ನಮ್ಮ ಮದುವೆಯ ಹಿಂದಿನ ವರ್ಷ ಕಡಿದು ಪಾತಿ ಮಾಡಿದ್ದು. ಇನ್ನೊಂದು ಹಾಗೇ ಉಳಿದಿತ್ತು. ಅತ್ತೆ ಇದ್ದಾಗ ನನ್ನ ಮದುವೆಗೆ ಹೊಲಿದುಕೊಟ್ಟ ದಿಂಬಿಗೆ ತುಂಬಿದ ಹತ್ತಿ ಆ ಉಳಿದ ಮರದ್ದೇ. ಚೈತ್ರದಲ್ಲಿ ಕಾಯಿ ಒಡೆದು ಬೇಣದ ತುಂಬ ಬಿಳಿ ಹತ್ತಿ ಹಾರುವಾಗ ಅತ್ತೆಯೂ ಬೀರಿಯೂ ಸೀರೆ ಎತ್ತಿ ಕಟ್ಟಿ ಮಕ್ಕಳ ಹಾಗೆ ಅದನ್ನು ಹಿಡಿದು ಗೋಣಿಗೆ ತುಂಬುತ್ತಿದ್ದರಂತೆ. ದಾರ ತೆಗೆಯಲು ಬಾರದ ಹತ್ತಿ, ತಲೆಯ ಕೆಳಗಿಡಲು ಮಾತ್ರ ಬರುವ ಹತ್ತಿ ಎಂದು ಅತ್ತೆ ನಗುತ್ತಿದ್ದರು. ಹಬ್ಬದ ಮರುದಿನ ಮಾವ ಕೊಡಲಿಯನ್ನೂ ಬಾಚಿಯನ್ನೂ ಚೀಲಕ್ಕೆ ಹಾಕಿಕೊಂಡು ಅಗಸೂರಿಗೆ ಹೊರಟರು. ಎಲ್ಲಿಗೆ ಎಂದು ಕೇಳಿದೆ. “ಇನ್ನೊಂದು ಪಾತಿ ಮಾಡ್ತೆ. ಅಂವನ್ನ ಕರ್ಕಂಡು ಬರೂಕೆ ಹೋಗ್ಬೇಕಲ್ಲ” ಎಂದರು. ಪೇಟೆಗೆ ಸಾಮಾನು ತರಲು ಹೋಗುವವರ ಹಾಗೆ ಹೇಳಿದರು. ಊರಿನವರ ದೋಣಿಯಲ್ಲಿ ಹೋಗಬಹುದಲ್ಲ ಎಂದೆ. ಅವರು ತಲೆ ಅಲ್ಲಾಡಿಸಿದರು. ಊರಿನವರು ಹುಡುಕುವುದನ್ನು ಬಿಟ್ಟಿದ್ದರು. ಅವರನ್ನು ದೂರುವಂತಿಲ್ಲ, ಅವರಿಗೂ ಹೊಟ್ಟೆ ಇದೆ.

ಮರ ಕಡಿದ ದಿನ ನಾನೂ ಅಲ್ಲಿದ್ದೆ. ಮೀನು ಮಾರಿ ಮುಗಿಸಿ, ಬುಟ್ಟಿಯನ್ನು ಪೇಟೆಯಲ್ಲೇ ಇಟ್ಟು, ಅಗಸೂರಿನ ಬಸ್ಸು ಹತ್ತಿದೆ. ಹೇಗಾದರೂ ಮಾಡಿ ಬೀರಿಯೇ ‘ಕೊಡುವುದಿಲ್ಲ’ ಎನ್ನಲಿ ಎಂದು ದಾರಿಯುದ್ದಕ್ಕೂ ಬೇಡಿಕೊಂಡೆ. ಆದರೆ ಬೀರಿ, ಆ ಮುದುಕಿ, ಮಾವನ ಮುಖ ನೋಡಿದ್ದೇ “ಕಡ್ಕೊ ಜಟ್ಟಪ್ಪಾ” ಎಂದುಬಿಟ್ಟಳು. ಅವಳ ಮಕ್ಕಳಿಬ್ಬರು ಕೊಡಲಿ ಹಿಡಿದು ಜೊತೆಗೂಡಿದರು. ಎಂಥ ಮರ ಅದು! ಕಂಬದ ಹಾಗೆ ನೆಟ್ಟಗೆ, ಬುಡದಲ್ಲಿ ಗೋಡೆಯ ಹಾಗೆ ಹಬ್ಬಿದ ಬೇರು, ಮೇಲಿನ ಕೊಂಬೆಗಳಲ್ಲಿ ಇನ್ನೂ ಮುಳ್ಳು. ಗಿಳಿಗಳು ಕೂಗುತ್ತಾ ಸುತ್ತಿದವು. ಬಿದ್ದಾಗ ನೆಲ ನಡುಗಿತು. ಮಾಘದಲ್ಲಿ ಕೆಂಪು ಹೂ ಉದುರಿದರೆ ತಿನ್ನಲು ಜಿಂಕೆ ಬರುತ್ತಿದ್ದವು, ಈ ಸಲ ಬಂದು ಸುಮ್ಮನೆ ತಿರುಗಿ ಹೋಗುತ್ತವೆ ಎಂದು ಬೀರಿ ತನ್ನಷ್ಟಕ್ಕೇ ಅಂದಳು. ಆಮೇಲೆ ನನ್ನ ಕೈ ಹಿಡಿದು ಗುಡಿಸಲ ಹಿಂದಕ್ಕೆ ಕರೆದೊಯ್ದು ಹೇಳಿದಳು. “ಹಸಿ ಮರ ಮಗಾ. ಇದು ಒಣಗೂಕೆ ಒಂದು ಬೇಸಿಗೆ ಪೂರ್ತಿ ಬೇಕು. ಒಣಗದೇ ಇದ್ದ ಪಾತಿ ಸಮುದ್ರಕ್ಕೆ ಇಳಿಸೂದಲ್ಲ ಅಂತ ಜಟ್ಟಪ್ಪಗೆ ಗೊತ್ತಿಲ್ಲದ್ದಾ? ಗೊತ್ತದೆ. ಗೊತ್ತಿದ್ದೂ ಅಂವ ಅವಸರ ಮಾಡ್ತಾ. ಅಂವ ತಿರುಗಿ ಬರೂ ಮನಸ್ಸಿನವ ಅಲ್ಲ. ನಾ ಕೊಡೂದಿಲ್ಲ ಅಂದಿದ್ರೆ ಹುಟ್ಟೂ ಇಲ್ದೆ ನೀರಿಗೆ ನಡೀತಿದ್ದಾ. ಮರ ಕೊರೆಯೂ ವರೆಗಾದ್ರೂ ನೆಲದ ಮೇಲೆ ಇರ್ತಾ. ಅಷ್ಟರೊಳಗೆ ನಿನ್ನ ಗಂಡನ್ನ ಕರೆಸು.”

ಅಂದಿನಿಂದ ಮಾವ ದಿನಾ ಬೆಳಿಗ್ಗೆಯ ಮೊದಲ ಬಸ್ಸಿಗೆ ಅಗಸೂರು, ಕತ್ತಲಾಗುವ ಹೊತ್ತಿಗೆ ಮನೆ. ಅಂಗೈ ಬೊಕ್ಕೆ ಎದ್ದು ಒಡೆದಿದೆ. ನಿಮ್ಮದೂ ಅವರದೂ ಒಂದೇ ಗತಿ. ವಿದ್ಯಾಳೂ ಜೊತೆಗೆ ಹೋಗುತ್ತಾಳೆ. ಮಾವ ಬಾಚಿಯಲ್ಲಿ ಕೆತ್ತಿದ ಚಕ್ಕೆಗಳನ್ನು ಅವಳು ಬುಟ್ಟಿಯಲ್ಲಿ ತುಂಬಿ ಹೊರಗೆ ಚೆಲ್ಲುತ್ತಾಳೆ. ಬೆಳಂಬಾರದಿಂದ ಅವಳ ತಾಯಿ ಕರೆದುಕೊಂಡು ಹೋಗಲು ಬಂದರೆ ‘ಅವರು ಬಂದಾಗ ಮನೆಯಲ್ಲಿ ನಾನಿರಬೇಕು’ ಎಂದು ಕಳಿಸಿಬಿಟ್ಟಳು. ಮದುವೆಯಾಗಿ ಇನ್ನೂ ವರ್ಷ ತುಂಬಿಲ್ಲ, ನಿಮಗೆ ನೆನಪಿರಬಹುದು. ಮೊನ್ನೆ ಸೋಮವಾರ ಪಾತ್ರೆ ತೊಳೆಯುತ್ತಾ ಅವಳು ತಲೆ ಎತ್ತದೆ ಹೇಳಿದಳು. “ಅಕ್ಕಾ, ನಾನೂ ಮಾವನ ಸಂಗ್ತಿ ಹೋಗ್ತೆ. ಹುಟ್ಟು ಹಾಕೂಕೆ ಇಬ್ರು ಬೇಕು. ಅಂದೂ ಇಬ್ರು ಹೋಗಿದ್ರೆ ಹೀಗೆ ಆಗ್ತಿರ್ಲಿಲ್ಲ.” ನಾನು ಬೈದೆ, ಅಳುತ್ತಾ ಕಾಲು ಹಿಡಿದೆ. ಅವಳು ನನ್ನನ್ನೇ ಸಮಾಧಾನ ಮಾಡಿದಳು. ನಾನು ಮಾಡಿದ ಇನ್ನೊಂದು ಹುಚ್ಚು ಕೆಲಸವನ್ನೂ ಹೇಳುತ್ತೇನೆ, ಬೈಯಬೇಡಿ. ಮಾವನ ಬಾಚಿಯನ್ನು ಅಕ್ಕಿಯ ಡಬ್ಬಿಯಲ್ಲಿ ಹುಗಿದಿಟ್ಟೆ. ಅವರು ಮನೆಯೆಲ್ಲ ಹುಡುಕಿ, ಕೊನೆಗೆ ನನ್ನ ಮುಖ ನೋಡಿ, ಹುಡುಕುವುದನ್ನು ನಿಲ್ಲಿಸಿ ಕೂತರು. ಸಿಟ್ಟು ಮಾಡಲಿಲ್ಲ. “ಸುಗಂಧಾ, ನಾಳೆ ನಿನ್ನ ಗಂಡ ನೀರಲ್ಲಿ ಕಾಣದೇ ಆದ್ರೆ, ನಾ ಜಗಲಿ ಮೇಲೆ ಕವಳ ಹಾಕ್ಕಂಡು ಕೂತ್ರೆ ನಿಂಗೆ ಸರಿ ಕಾಣ್ತದ್ಯಾ?” ಎಂದರು. ನಾನೇ ಹೋಗಿ ಬಾಚಿ ತಂದು ಕೊಟ್ಟೆ. ನೋಡಿ, ಎರಡು ವರ್ಷ ನಿಮ್ಮ ಜೊತೆ ಮಾತಾಡದ ಮನುಷ್ಯ. ನಿಮಗಾಗಿಯೂ ಅವರು ಇದನ್ನೇ ಮಾಡುತ್ತಿದ್ದರು.

ಈಗ ನಿಮಗೆ ಮಾತ್ರ ಹೇಳುವ ಮಾತು. ಸಂಕೇತನಿಗೂ ಹೇಳಿಲ್ಲ. ಮಂಗಳವಾರ ಅಂಕೋಲೆಯ ಮೀನು ಪೇಟೆಯಲ್ಲಿ ನಾನು ಬುಟ್ಟಿ ಇಟ್ಟು ಕೂತಿರುವಾಗ ಮಾಜಾಳಿಯ ಒಬ್ಬ ಹುಡುಗ ಬಂದು ನಿಂತ. ಸಾಯಿನಾಥ ಅಂತ ಹೆಸರು, ಅವರ ದಂಡೆಯಲ್ಲಿ ರಂಪಣಿ ಬಲೆ ಎಳೆಯುವವನು. ಕೇಣಿಯ ಪಾತಿಯೊಂದು ಕಾಣೆಯಾದ ಸುದ್ದಿ ಕಾರವಾರದ ಆಚೆಗೂ ಹೋಗಿತ್ತಲ್ಲ. ಅವನು ಮೀನಿನ ದರ ಕೇಳುವವನ ಹಾಗೆ ಬಗ್ಗಿ, “ವೈನಿ, ಒಂದು ವಸ್ತು ಸಿಕ್ಕದೆ. ಮನೆಯ ಗಂಡಸ್ರು ಯಾರಾದ್ರೂ ಬಂದು ನೋಡ್ಬೇಕು” ಎಂದ. ಮನೆಯ ಗಂಡಸರು! ಒಬ್ಬರು ರತ್ನಾಗಿರಿಯಲ್ಲಿ, ಒಬ್ಬರು ಮರ ಕೊರೆಯುತ್ತಾ, ಒಬ್ಬ ಎಲ್ಲೋ. ನಾನೇ ಬರುತ್ತೇನೆ ಎಂದೆ. ನಿನ್ನೆ ಬುಧವಾರ ಮಾವನಿಗೂ ವಿದ್ಯಾಳಿಗೂ ಕಾರವಾರದ ಆಸ್ಪತ್ರೆಗೆ ಸೊಂಟನೋವು ತೋರಿಸಲು ಹೋಗುತ್ತೇನೆ ಎಂದು ಸುಳ್ಳು ಹೇಳಿ ಬಸ್ಸು ಹತ್ತಿದೆ. ಬಿಣಗಾದ ಘಟ್ಟ ಇಳಿಯುವಾಗ ಸಮುದ್ರ ಕಂಡಿತು. ಮೊದಲೆಲ್ಲ ಅಲ್ಲಿ ಎದ್ದು ಕಿಟಕಿಯಿಂದ ನೋಡುತ್ತಿದ್ದೆ. ನಿನ್ನೆ ಕಣ್ಣು ಮುಚ್ಚಿ ಕೂತೆ. ಕಾರವಾರದಲ್ಲಿ ಇನ್ನೊಂದು ಬಸ್ಸು ಹಿಡಿದು ಕಾಳಿ ನದಿಯ ಸೇತುವೆ ದಾಟಿ ಮಾಜಾಳಿಯಲ್ಲಿ ಇಳಿದೆ. ಸಾಯಿನಾಥನೂ ಅವನ ತಂದೆಯೂ ದಾರಿಯಲ್ಲೇ ಕಾಯುತ್ತಿದ್ದರು.

ಗಾಳಿಮರಗಳ ಸಾಲಿನ ಹಿಂದೆ, ಹಳೆಯ ಬಲೆಯ ಕೆಳಗೆ ಅದನ್ನು ಮುಚ್ಚಿಟ್ಟಿದ್ದರು. ಬಲೆ ಸರಿಸಿದರು. ನಮ್ಮದೇ ಪಾತಿ. ಮುಂದಿನ ಅರ್ಧ ಮಾತ್ರ. ಮೂತಿಯ ಹತ್ತಿರ ಬಾಳಾ ಎಣ್ಣೆಡಬ್ಬಿಯ ತಗಡು ಕತ್ತರಿಸಿ ಹೊಡೆದ ತೇಪೆ ಹಾಗೇ ಇತ್ತು. ಒಳಗೆ ಮಾವನ ಬಾಚಿಯ ಗುರುತುಗಳು, ಒಂದರ ಪಕ್ಕ ಒಂದು, ಮೀನಿನ ಹುರುಪೆಯ ಹಾಗೆ. ನಾನು ಅಳಲಿಲ್ಲ. ಮುರಿದ ಕಡೆ ಕೈ ಇಟ್ಟೆ. ಬೆಂದ ಗೆಣಸಿನ ಹಾಗೆ ಮರ ಬೆರಳಿಗೆ ಬಂತು. ಹೊರಗಿನಿಂದ ಕಾಣುವ ಹಾಗೇನೂ ಇರಲಿಲ್ಲ, ಮೇಲೆ ಎಣ್ಣೆ ಹಚ್ಚಿ ಹಚ್ಚಿ ಕಪ್ಪಗೆ ಮಿರಿಮಿರಿ ಎನ್ನುತ್ತಿತ್ತು. ಒಳಗೆಲ್ಲ ಹುಳ ಕೊರೆದ ತೂತು, ಜೇನಿನ ಎರಿ ನೋಡಿದ ಹಾಗೆ. ಸಾಯಿನಾಥನ ತಂದೆ ಹೇಳಿದರು. “ಬೂರುಗ ಅಲ್ವಾ ತಂಗೀ. ಮುಳುಗೂದಿಲ್ಲ, ಖರೆ. ತಡೆಯೂದೂ ಇಲ್ಲ.” ಬೇರೇನಾದರೂ ಸಿಕ್ಕಿತೇ ಎಂದು ಕೇಳಿದೆ. ಇಲ್ಲ ಎಂದು ತಲೆ ಆಡಿಸಿದರು. ನನ್ನ ಗಂಡ ಊರಿಗೆ ಬರುವವರೆಗೆ ಇದನ್ನು ಇಲ್ಲೇ ಇಟ್ಟುಕೊಳ್ಳಿ, ಯಾರಿಗೂ ಹೇಳಬೇಡಿ ಎಂದು ಅವರಿಗೆ ಕೈಮುಗಿದು ಬಂದೆ. ತಿರುಗಿ ಬರುವಾಗ ಕಾರವಾರದ ಬಸ್‌ಸ್ಟ್ಯಾಂಡಿನಲ್ಲಿ ವಾಂತಿಯಾಯಿತು. ಯಾರೋ ಹೆಂಗಸು ನೀರು ಕೊಟ್ಟು, ಎಷ್ಟು ತಿಂಗಳು ಎಂದು ಕೇಳಿದಳು. ಹಾಗೇನಿಲ್ಲ ಎಂದೆ. ಮನೆಗೆ ಬಂದರೆ ವಿದ್ಯಾ ನನ್ನ ಸೊಂಟಕ್ಕೆ ಹಚ್ಚಲು ಎಣ್ಣೆ ಬಿಸಿ ಮಾಡಿ ಇಟ್ಟಿದ್ದಳು. ಅವಳ ಕೈಯಿಂದ ಎಣ್ಣೆ ಉಜ್ಜಿಸಿಕೊಂಡು, ಗೋಡೆಯ ಕಡೆ ಮುಖ ಮಾಡಿ ಮಲಗಿದೆ.

ಈಗ ನೀವೇ ಹೇಳಿ, ನಾನು ಏನು ಮಾಡಲಿ? ಪಾತಿ ಹೆಚ್ಚುಕಡಿಮೆ ಮುಗಿದಿದೆ. ಒಳಗೆ ಇನ್ನೂ ನುಣುಪಾಗಿಲ್ಲ, ಹೊರಮೈಯಿಂದ ನೀರು ಜಿನುಗುತ್ತಿದೆ, ಕೈ ಇಟ್ಟರೆ ತಣ್ಣಗೆ ಒದ್ದೆ. ಶನಿವಾ‌ರ ಬೀರಿಯ ಮಕ್ಕಳು ಟೆಂಪೋದಲ್ಲಿ ಅದನ್ನು ಕೇಣಿಗೆ ತರುತ್ತಾರೆ. ಭಾನುವಾರ ಬೆಳಿಗ್ಗೆ ಇಳಿಸುವುದೆಂದು ಮಾವ ನಿಶ್ಚಯಿಸಿದ್ದಾರೆ. ಬಡಗಕ್ಕೆ ಹೋಗುತ್ತಾ ಹೋಗುತ್ತಾ ಒಂದೊಂದೇ ದಂಡೆ ನೋಡುತ್ತೇವೆ, ಗೋವಾ ದಾಟಿದರೂ ಸರಿ ಎನ್ನುತ್ತಾರೆ. ವಿದ್ಯಾ ಅವಲಕ್ಕಿ, ಬೆಲ್ಲ, ಬಾಳನ ಒಂದು ಅಂಗಿ ಎಲ್ಲವನ್ನೂ ಗಂಟು ಕಟ್ಟಿ ಇಟ್ಟಿದ್ದಾಳೆ. ಅವನು ಒದ್ದೆಯಾಗಿರುತ್ತಾನಂತೆ. ಮಾಜಾಳಿಯಲ್ಲಿ ಕಂಡದ್ದನ್ನು ನಾನು ಈಗ ಹೇಳಿಬಿಟ್ಟರೆ ಇಬ್ಬರೂ ಸಮುದ್ರಕ್ಕೆ ಹೋಗುವುದು ತಪ್ಪುತ್ತದೆ. ಆದರೆ ತನ್ನ ಕೈಯಿಂದ ಕೊರೆದ ಪಾತಿಯೇ ಮಗನನ್ನು ಕೈಬಿಟ್ಟಿತು ಎಂದು ಆ ಮುದುಕನಿಗೆ ಯಾವ ಬಾಯಿಂದ ಹೇಳಲಿ? ಹೇಳಿದರೆ ಅವರು ಉಳಿಯುವುದಿಲ್ಲ. ಹೇಳದಿದ್ದರೆ ಇಬ್ಬರೂ ಉಳಿಯುವುದಿಲ್ಲ. ನಾನು ಬೆಳಗಿನಿಂದ ಈ ಎರಡರ ನಡುವೆ ನಿಂತು, ಒಲೆ ಹಚ್ಚಿ, ಗಂಜಿ ಬೇಯಿಸಿ, ಮಗಳಿಗೆ ಜಡೆ ಹಾಕಿ, ಮೀನು ಮಾರಿ ಬಂದಿದ್ದೇನೆ. ಮನೆಯಲ್ಲಿ ಈಗ ಯಾರೂ ಇಲ್ಲ, ಅದಕ್ಕೇ ಬರೆಯಲು ಆಯಿತು. ಇದು ಒಬ್ಬಳ ಕೈಯಲ್ಲಿ ಆಗುವ ಕೆಲಸವಲ್ಲ. ಅವರನ್ನು ರಟ್ಟೆ ಹಿಡಿದು ನಿಲ್ಲಿಸಲು ನೀವೇ ಬರಬೇಕು. ಬೈದರೂ ಸರಿ, ಹೊಡೆದಾಡಿದರೂ ಸರಿ, ಪಾತಿಗೆ ಅಡ್ಡ ಮಲಗಿದರೂ ಸರಿ. ನೀವು ಅಂದು ಹೇಳಿದ್ದು ನಿಜವಾಯಿತು. ನನಗೂ ಅದು ಗೊತ್ತು, ಈಗ ನಿಮಗೂ ಗೊತ್ತಾಯಿತು. ನಿಜವಾಯಿತೆಂದು ನಿಮಗೂ ಸಂತೋಷವಾಗಿರಲಾರದು. ಆ ಮಾತನ್ನು ಮಾತ್ರ ಈ ಮನೆಯ ಹೊಸ್ತಿಲು ದಾಟಿಸಬೇಡಿ.

ಯಜಮಾನರು ರಜೆ ಕೊಡದಿದ್ದರೆ ಕೇಳದೇ ಬನ್ನಿ. ಕೆಲಸ ಹೋದರೆ ಹೋಗಲಿ, ನಾನು ಇನ್ನೊಂದು ಬುಟ್ಟಿ ಹೊರುತ್ತೇನೆ. ದಾರಿಯಲ್ಲಿ ಗಾಯ ನೆನೆಸಿಕೊಳ್ಳಬೇಡಿ. ರಕ್ಷಿತಾ ನಿಮಗೆ ಮುತ್ತು ಕಳಿಸಿದ್ದಾಳೆ. ದೇವರು ನಿಮ್ಮ ದಾರಿಯನ್ನು ನೇರ ಮಾಡಲಿ.

ನಿಮ್ಮ ದಾರಿ ನೋಡುತ್ತಾ ಕೂತಿರುವ,
ಸುಗಂಧಾ

ತಾ.ಕ.: ಶುಕ್ರವಾರ ಬೆಳಿಗ್ಗೆ. ಸಂಕೇತ ಚೀಲ ಹೆಗಲಿಗೆ ಹಾಕಿಕೊಂಡು ಅಂಗಳದಲ್ಲಿ ನಿಂತಿದ್ದಾನೆ, ಅವಸರದಲ್ಲಿ ಬರೆಯುತ್ತಿದ್ದೇನೆ. ನಿನ್ನೆ ಸಂಜೆ ಮಾಜಾಳಿಯಿಂದ ಸಾಯಿನಾಥ ಬಂದ. ಅಂಕೋಲೆಗೆ ಬರುವ ಐಸಿನ ಲಾರಿಯಲ್ಲಿ ಮುರಿದ ಪಾತಿಯನ್ನು ಹೇರಿಕೊಂಡೇ ಬಂದುಬಿಟ್ಟ. ಹೋದವನ ವಸ್ತುವನ್ನು ಮನೆಯವರಿಗೆ ಮುಟ್ಟಿಸದೆ ಇಟ್ಟುಕೊಳ್ಳಬಾರದು ಎಂದು ಅವರ ಹಿರಿಯರು ಹೇಳಿದರಂತೆ. ಅವನ ತಪ್ಪಲ್ಲ. ಅಂಗಳದಲ್ಲಿ ಇಳಿಸುತ್ತಿರುವಾಗಲೇ ಮಾವನೂ ವಿದ್ಯಾಳೂ ಅಗಸೂರಿನಿಂದ ಬಂದರು. ವಿದ್ಯಾ ಸುತ್ತ ಒಂದು ಬಾರಿ ನಡೆದು ನೋಡಿ ಕೇಳಿದಳು. “ಇದು ಮುಂದಿನ ಅರ್ಧ. ಅವ್ರು ಕೂರೂದು ಹಿಂದೆ. ಹಿಂದಿನ ಅರ್ಧ ಎಲ್ಲಿ ಅಕ್ಕಾ?” ಅವಳು ಗಂಟನ್ನು ಇನ್ನೂ ಬಿಚ್ಚಿಲ್ಲ. ಮಾವ ಮಾತ್ರ ಕುಕ್ಕರುಗಾಲಿನಲ್ಲಿ ಕೂತು, ಮುರಿದ ಕಡೆ ಬೆರಳು ತೂರಿಸಿ, ಮೆತ್ತಗಾದ ಮರವನ್ನು ಚೂರು ಚೂರೇ ಕಿತ್ತು ಅಂಗೈ ಮೇಲೆ ಇಟ್ಟುಕೊಂಡರು. ಎರಡು ವರ್ಷದಲ್ಲಿ ಮೊದಲ ಸಲ ನಿಮ್ಮ ಹೆಸರು ಹೇಳಿದರು. “ರಾಮನಾಥ ಹೇಳಿದ್ದಾ. ನಾ ಕೇಳಲಿಲ್ಲ. ಬಾಳನ್ನ ಸಮುದ್ರ ಕೊಂದದ್ದಲ್ಲ, ನಾ ಕೊಂದದ್ದು.” ಅಷ್ಟೇ. ಆಮೇಲೆ ಒಂದು ಹನಿ ನೀರೂ ಕುಡಿದಿಲ್ಲ. ಬಾವಿಕಟ್ಟೆಯ ಕಡೆ ಎದ್ದು ಹೋದರೂ ನಾನು ಹಿಂದೆಯೇ ಹೋಗುತ್ತಿದ್ದೇನೆ. ಹಗ್ಗ, ಕತ್ತಿ ಎಲ್ಲವನ್ನೂ ಸಂಕೇತನ ಮನೆಗೆ ಸಾಗಿಸಿದ್ದೇನೆ. ಮೇಲೆ ನಾನು ಬರೆದದ್ದನ್ನು ಬಿಟ್ಟುಬಿಡಿ. ಅವರನ್ನು ಸಮುದ್ರಕ್ಕೆ ಹೋಗದಂತೆ ತಡೆಯಬೇಕಾಗಿಲ್ಲ, ಅವರು ಇನ್ನು ಎಲ್ಲಿಗೂ ಹೋಗುವವರಲ್ಲ. ಇವತ್ತೇ ಹೊರಡಿ. ಬಂದು, ಚೀಲ ಇಳಿಸುವ ಮೊದಲು ಅವರ ಎದುರು ಕೂತು, ಆ ಗಾಳಿಗೆ ಫೈಬರ್ ದೋಣಿಯೂ ಉಳಿಯುತ್ತಿರಲಿಲ್ಲ ಎಂದು ಹೇಳಿ. ಸುಳ್ಳಾದರೂ ಹೇಳಿ. ರಾತ್ರಿಯೆಲ್ಲ ನಾನು ಹೇಳಿದೆ, ಊರಿನವರು ಹೇಳಿದರು, ಅವರ ಕಿವಿಗೆ ಇಳಿಯಲಿಲ್ಲ. ಅವರು ನಂಬುವುದಿದ್ದರೆ ನಿಮ್ಮೊಬ್ಬರ ಮಾತನ್ನು ಮಾತ್ರ.